ಷರತ್ತಿಲ್ಲದೆ ಕೈಗೆ ಬಂದ ಹಣ: ಪಶ್ಚಿಮ ಕೆನ್ಯಾದ ಹಳ್ಳಿಮನೆಗಳಲ್ಲಿ ಏನು ಬದಲಾಯಿತು?

ಕಿಸುಮು ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಗೃಹಲಕ್ಷ್ಮಿ ಹಣದ ಬಗ್ಗೆ ಮಾತು ನಡೆದಾಗ ದಾವಣಗೆರೆಯ ಹಿರಿಯರೊಬ್ಬರು, ಬಡವರ ಕೈಗೆ ಯಾವ ಷರತ್ತೂ ಇಲ್ಲದೆ ಹಣ ಕೊಟ್ಟು ಅದರ ಪರಿಣಾಮವನ್ನು ಯಾರಾದರೂ ಸರಿಯಾಗಿ ಅಳೆದು ನೋಡಿದ್ದಾರೆಯೇ ಎಂದು ಕೇಳಿದ್ದರು. ನೋಡಿದ್ದಾರೆ, ಅದರಲ್ಲೂ ತುಂಬ ಎಚ್ಚರದಿಂದ ನಡೆದ ಕೆಲವು ಅಧ್ಯಯನಗಳು ನಾನಿರುವ ಊರಿನ ಪಕ್ಕದಲ್ಲೇ ನಡೆದಿವೆ. ವಿಕ್ಟೋರಿಯಾ ಸರೋವರದ ದಂಡೆಯ ಕಿಸುಮುವಿನಲ್ಲಿ ನಾನು ಹಾರ್ಡ್‌ವೇರ್ ಅಂಗಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಕೌಂಟಿಗೆ (ನಮ್ಮ ಕಡೆಯ ಜಿಲ್ಲೆಯಂಥದ್ದು) ತಾಗಿಕೊಂಡಿರುವ ಸಿಯಾಯಾ ಕೌಂಟಿಯಲ್ಲಿ ಗಿವ್‌ಡೈರೆಕ್ಟ್‌ಲಿ ಎಂಬ ಸಂಸ್ಥೆ 2011ರಿಂದೀಚೆಗೆ ಸಾವಿರಾರು ಕುಟುಂಬಗಳಿಗೆ ನೇರವಾಗಿ ಹಣ ಕೊಟ್ಟಿದೆ. ಅಮೆರಿಕದಲ್ಲಿ ಅರ್ಥಶಾಸ್ತ್ರ ಮತ್ತು ಅಭಿವೃದ್ಧಿ ವಿಷಯಗಳನ್ನು ಓದುತ್ತಿದ್ದ ನಾಲ್ವರು ವಿದ್ಯಾರ್ಥಿಗಳು ಕಟ್ಟಿದ ಸಂಸ್ಥೆ ಅದು. ತಾವು ಮಾಡುತ್ತಿರುವ ಕೆಲಸವನ್ನು ಹೊರಗಿನ ಸಂಶೋಧಕರು ಅಳೆಯಲಿ ಎಂದು ಮೊದಲಿನಿಂದಲೇ ಬಾಗಿಲು ತೆರೆದಿಟ್ಟಿದ್ದು ಅವರ ದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ.

ಹಣ ತಲುಪುವ ಬಗೆ ಸರಳ. 2007ರಲ್ಲಿ ಸಫಾರಿಕಾಮ್ ಕಂಪನಿ ಆರಂಭಿಸಿದ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆ ಈಗ ಇಲ್ಲಿನ ಮೂಲೆಮೂಲೆಯ ಹಳ್ಳಿಯಲ್ಲೂ ಇದೆ. ಸಾಮಾನ್ಯ ಕೀಪ್ಯಾಡ್ ಫೋನಿಗೆ ಹಣ ಬಂದ ಸಂದೇಶ ಬರುತ್ತದೆ. ರಸ್ತೆ ಬದಿಯ ಏಜೆಂಟನ ಗೂಡಂಗಡಿಗೆ ಹೋಗಿ ಗುರುತಿನ ಚೀಟಿ ತೋರಿಸಿ, ಪಿನ್ ಒತ್ತಿದರೆ ನೋಟು ಕೈಗೆ ಸಿಗುತ್ತದೆ. ಬ್ಯಾಂಕ್ ಶಾಖೆ ಬೇಕಿಲ್ಲ, ನಡುವೆ ಯಾರ ಸಹಿಯೂ ಬೇಕಿಲ್ಲ. ಯಾರಿಗೆ ಕೊಡಬೇಕು ಎಂಬುದಕ್ಕೆ ಆರಂಭದ ವರ್ಷಗಳಲ್ಲಿ ಅವರು ಇಟ್ಟುಕೊಂಡ ಅಳತೆಗೋಲು ಮನೆಯ ಮಾಡು. ಹುಲ್ಲು ಹೊದಿಸಿದ ಮನೆಯವರು ಅರ್ಹರು, ತಗಡು ಹೊದಿಸಿದ ಮನೆಯವರು ಅಲ್ಲ.

ಹಾಗಾಗಿ ಆ ಹಣದ ಒಂದು ಭಾಗ ನಮ್ಮ ಅಂಗಡಿಗೇ ಬರುತ್ತದೆ. ಇಲ್ಲಿನವರು ಮಬಾಟಿ ಎಂದು ಕರೆಯುವ ಸುಕ್ಕುತಗಡಿನ ಶೀಟು ಕೊಳ್ಳಲು ಬರುವ ಕುಟುಂಬಗಳನ್ನು ನಾನು ಗಮನಿಸುತ್ತೇನೆ. ಒಮ್ಮೆ ಗಂಡ, ಹೆಂಡತಿ ಮತ್ತು ಹಿರಿಯ ಮಗ ಮನೆಯ ಉದ್ದಗಲವನ್ನು ಹಗ್ಗದಲ್ಲಿ ಗಂಟು ಹಾಕಿ ಅಳೆದುಕೊಂಡು ತಂದಿದ್ದರು. ಆಕೆ 30 ಗೇಜಿನ ಶೀಟಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಬಾಗಿಸಿ ನೋಡಿ, 28 ಗೇಜಿನದನ್ನೂ ಹಾಗೆಯೇ ನೋಡಿ, ಬೆಲೆಯ ವ್ಯತ್ಯಾಸವನ್ನು ಮಗನಿಂದ ಲೆಕ್ಕ ಹಾಕಿಸಿ, ಕೊನೆಗೆ ತೆಳುವಾದದ್ದನ್ನೇ ಆರಿಸಿಕೊಂಡರು. ಉಳಿದ ಹಣದಲ್ಲಿ ಮಳೆನೀರು ಹಿಡಿಯುವ ದೋಣಿ ಮತ್ತು ರಬ್ಬರ್ ಬಿಲ್ಲೆ ಇರುವ ಮೊಳೆಗಳನ್ನು ಕೊಂಡರು. ದೂರದ ಹೊಳೆಯಿಂದ ನೀರು ಹೊರುವವಳು ಆಕೆಯೇ ಆದ್ದರಿಂದ ದೋಣಿಯ ಬೆಲೆ ಆಕೆಗೆ ಗೊತ್ತಿತ್ತು. ಹುಲ್ಲಿನ ಮಾಡನ್ನು ವರ್ಷಕ್ಕೋ ಎರಡು ವರ್ಷಕ್ಕೋ ಹೊದಿಸಲೇಬೇಕು, ಅದಕ್ಕೆ ಹುಲ್ಲು ಮತ್ತು ಕೂಲಿ ಎರಡೂ ಬೇಕು. ಆ ಖರ್ಚು ನಿಂತುಹೋಗುವುದೇ ತಗಡಿನಿಂದ ಬರುವ ಆದಾಯ. ಆ ಲೆಕ್ಕವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ

ವಿವರಕ್ಕೆ ಧನ್ಯವಾದ. ಪ್ರಶ್ನೆ ಕೇಳಿದವನು ನಾನೇ. ಗ್ರಾಮೀಣ ಶಾಖೆಗಳಲ್ಲಿ ಕೆಲಸ ಮಾಡಿದವನಾಗಿ ನನ್ನ ಆತಂಕವನ್ನು ನೇರವಾಗಿ ಹೇಳುತ್ತೇನೆ. ಅಂಗಡಿಗೆ ಬಂದವರನ್ನು ನೀವು ನೋಡಿದ್ದೀರಿ, ಸಾರಾಯಿ ಅಂಗಡಿಗೆ ಹೋದವರು ನಿಮ್ಮ ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ. ಅನಿರೀಕ್ಷಿತವಾಗಿ ಬಂದ ಹಣ ಅಷ್ಟೇ ಬೇಗ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ದುಡಿಯದೆ ಬಂದ ಹಣ ದುಡಿಯುವ ಮನಸ್ಸನ್ನೂ ಕುಂದಿಸುವುದಿಲ್ಲವೇ?

ಅರ್ಥಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಸರ್, ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಹುಡುಕಿಯೇ ಆ ಅಧ್ಯಯನಗಳು ನಡೆದಿವೆ. ಮೊದಲನೆಯದು ಸಿಯಾಯಾದ ರಾರಿಯೆಡಾ ಭಾಗದಲ್ಲಿ 2011ರಿಂದ 2013ರವರೆಗೆ ನಡೆಯಿತು. ಯೊಹಾನೆಸ್ ಹೌಸ್‌ಹೋಫರ್ ಮತ್ತು ಜೆರೆಮಿ ಶಪಿರೊ ಎಂಬ ಅರ್ಥಶಾಸ್ತ್ರಜ್ಞರು ಹುಲ್ಲಿನ ಮನೆಗಳವರಲ್ಲಿ ಯಾರಿಗೆ ಹಣ ಕೊಡಬೇಕೆಂಬುದನ್ನು ಲಾಟರಿಯಂತೆ ಆಯ್ದರು. ಶಪಿರೊ ಆ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾಗಿದ್ದವರು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಕೆಲವರಿಗೆ 25,200 ಕೆನ್ಯಾ ಶಿಲಿಂಗ್, ಕೆಲವರಿಗೆ 95,200 ಶಿಲಿಂಗ್. ಕೆಲವರಿಗೆ ಇಡಿಗಂಟಾಗಿ, ಕೆಲವರಿಗೆ ತಿಂಗಳ ಕಂತುಗಳಲ್ಲಿ. ಕೆಲವು ಮನೆಗಳಲ್ಲಿ ಗಂಡನಿಗೆ, ಕೆಲವು ಮನೆಗಳಲ್ಲಿ ಹೆಂಡತಿಗೆ. ಹಣ ಪಡೆದ ಮನೆಗಳ ತಿಂಗಳ ಖರ್ಚು, ಪಡೆಯದ ಮನೆಗಳಿಗೆ ಹೋಲಿಸಿದರೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಏರಿತು. ಏರಿದ್ದು ಊಟದ ಮೇಲೆ, ಔಷಧದ ಮೇಲೆ, ಶಾಲೆಯ ಮೇಲೆ, ಬಂಧುಬಳಗದ ಕಾರ್ಯಗಳ ಮೇಲೆ. ಮದ್ಯ, ತಂಬಾಕಿನ ಖರ್ಚು ಏರಲಿಲ್ಲ. ದನ, ಕೋಳಿ, ತಗಡು, ಪೀಠೋಪಕರಣ ಸೇರಿ ಮನೆಯ ಆಸ್ತಿ ಅರ್ಧದಷ್ಟಕ್ಕಿಂತಲೂ ಹೆಚ್ಚು ಬೆಳೆಯಿತು.

ಇದು ಒಂದು ಊರಿನ ಮಾತಷ್ಟೇ ಅಲ್ಲ. ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ ಆಫ್ರಿಕಾ, ಲ್ಯಾಟಿನ್ ಅಮೆರಿಕ ಮತ್ತು ಏಷ್ಯಾದ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ನಗದು ವರ್ಗಾವಣೆಯಿಂದ ಕುಡಿತ, ಧೂಮಪಾನದ ಖರ್ಚು ಹೆಚ್ಚಿದ್ದಕ್ಕೆ ಆಧಾರ ಸಿಗಲಿಲ್ಲ. ಕುಡುಕರೇ ಇಲ್ಲ ಎಂದು ಇದರ ಅರ್ಥವಲ್ಲ. ಕುಡಿಯುವವನು ಹಣ ಬರುವ ಮೊದಲೂ ಕುಡಿಯುತ್ತಿದ್ದ, ಬಂದ ಮೇಲೂ ಕುಡಿಯುತ್ತಾನೆ. ದುಡಿಮೆಯ ವಿಷಯದಲ್ಲಿ ಕೆನ್ಯಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಕಂಡದ್ದು ಹೀಗೆ: ಒಟ್ಟು ದುಡಿಮೆ ಕಡಿಮೆಯಾಗಲಿಲ್ಲ, ಆದರೆ ಬೇರೆಯವರ ಹೊಲದಲ್ಲಿ ಕೂಲಿಗೆ ಹೋಗುವುದು ಇಳಿದು ಸ್ವಂತ ಸಣ್ಣ ವ್ಯಾಪಾರ ಹೆಚ್ಚಿತು.

ಕಿಸುಮು ಕನ್ನಡಿಗ

ಕೂಲಿಯ ಬಗ್ಗೆ ಹೇಳಿದ್ದು ಮುಖ್ಯವಾದ ಮಾತು. ಇಲ್ಲಿ ಮೆಕ್ಕೆಜೋಳದ ಬಿತ್ತನೆ ಮಾರ್ಚಿನ ದೊಡ್ಡ ಮಳೆಗೆ. ಅದೇ ಹೊತ್ತಿಗೆ ಬಡವರ ಮನೆಯ ಕಾಳು ಮುಗಿದಿರುತ್ತದೆ. ಹಾಗಾಗಿ ತಮ್ಮ ಹೊಲ ಹದಕ್ಕೆ ಬಂದ ದಿನವೇ ಅಂದಿನ ಉಗಾಲಿಗಾಗಿ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ) ಬೇರೆಯವರ ಹೊಲ ಅಗೆಯಲು ಹೋಗಬೇಕಾಗುತ್ತದೆ. ಸ್ವಂತ ಹೊಲದ ಬಿತ್ತನೆ ತಡವಾಗುತ್ತದೆ, ಇಳುವರಿ ಇಳಿಯುತ್ತದೆ, ಮುಂದಿನ ವರ್ಷ ಕಾಳು ಇನ್ನೂ ಬೇಗ ಮುಗಿಯುತ್ತದೆ. ಆ ಸಮಯದಲ್ಲಿ ಕೈಯಲ್ಲಿ ಎರಡು ಚೀಲ ಮೆಕ್ಕೆಜೋಳ ಕೊಳ್ಳುವಷ್ಟು ಹಣ ಇದ್ದರೆ ಈ ಸುತ್ತು ಅಲ್ಲಿಗೇ ತುಂಡಾಗುತ್ತದೆ. ಕೂಲಿ ಬಿಟ್ಟವನನ್ನು ಸೋಮಾರಿ ಎನ್ನುವ ಮೊದಲು ಅವನು ಆ ದಿನ ಯಾರ ಹೊಲದಲ್ಲಿದ್ದ ಎಂದು ನೋಡಬೇಕು.

ನಾನು ಇಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಬೇರೆಯೇ ಇದೆ. ಹಣ ಕೊಡಬೇಕೋ ಬೇಡವೋ ಎಂಬ ವಾದದಲ್ಲಿ ನಾವು ಹಣದ ಆಕಾರವನ್ನು ಮರೆಯುತ್ತೇವೆ. ಒಂದೇ ಮೊತ್ತ ಇಡಿಗಂಟಾಗಿ ಬಂದರೆ ಒಂದು ಕೆಲಸ ಮಾಡುತ್ತದೆ, ಕಂತಾಗಿ ಬಂದರೆ ಇನ್ನೊಂದು. ಕಂತು ಎಷ್ಟು ಕಾಲ ಬರುತ್ತದೆ ಎಂಬ ಭರವಸೆಯ ಮೇಲೆ ಅದರ ಗುಣವೇ ಬದಲಾಗುತ್ತದೆ. ರಾರಿಯೆಡಾದಲ್ಲಿ ತಿಂಗಳ ಕಂತು ಪಡೆದವರ ಮನೆಯಲ್ಲಿ ಊಟ ಸುಧಾರಿಸಿತು, ಇಡಿಗಂಟು ಪಡೆದವರ ಮನೆಯಲ್ಲಿ ತಗಡು ಮತ್ತು ದನದಂಥ ಬಾಳಿಕೆಯ ವಸ್ತುಗಳು ಬಂದವು.

ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸಿದ್ದು ಅಭಿಜಿತ್ ಬ್ಯಾನರ್ಜಿ, ಪಾಲ್ ನೀಹೌಸ್ ಮತ್ತು ತವ್ನೀತ್ ಸೂರಿ ಅವರ ಅಧ್ಯಯನ. ಸಿಯಾಯಾ ಮತ್ತು ಬೊಮೆಟ್ ಕೌಂಟಿಗಳ 295 ಹಳ್ಳಿಗಳನ್ನು ಅವರು ಗುಂಪುಗಳಾಗಿ ವಿಂಗಡಿಸಿದರು. 44 ಹಳ್ಳಿಗಳ ವಯಸ್ಕರೆಲ್ಲರಿಗೂ ದಿನಕ್ಕೆ 0.75 ಡಾಲರ್ ಲೆಕ್ಕದಲ್ಲಿ, ಎಂದರೆ ಆಗಿನ ದರದಲ್ಲಿ ತಿಂಗಳಿಗೆ 2,250 ಶಿಲಿಂಗ್‌ನಂತೆ, 12 ವರ್ಷ ಕೊಡುವುದಾಗಿ ಮಾತು ಕೊಡಲಾಯಿತು. 80 ಹಳ್ಳಿಗಳಿಗೆ ಅದೇ ಮೊತ್ತ ಎರಡೇ ವರ್ಷ. 71 ಹಳ್ಳಿಗಳಿಗೆ ಸುಮಾರು 500 ಡಾಲರ್ ಇಡಿಗಂಟು. ಉಳಿದ 100 ಹಳ್ಳಿಗಳನ್ನು ಹೋಲಿಕೆಗಾಗಿ ಇಟ್ಟುಕೊಂಡರು. ಎರಡು ವರ್ಷದ ಕೊನೆಗೆ, ಕೈಸೇರಿದ ಮೊತ್ತ ಹೆಚ್ಚುಕಡಿಮೆ ಒಂದೇ ಆಗಿದ್ದರೂ, ಹೊಸ ವ್ಯಾಪಾರ ಹೆಚ್ಚಾಗಿ ಹುಟ್ಟಿದ್ದು ಇಡಿಗಂಟು ಪಡೆದವರಲ್ಲಿ ಮತ್ತು 12 ವರ್ಷದ ಭರವಸೆ ಇದ್ದವರಲ್ಲಿ. ಎರಡು ವರ್ಷದ ಕಂತಿನವರು ಅದರಲ್ಲಿ ಹಿಂದುಳಿದರು.

12 ವರ್ಷದವರ ಕೈಗೂ ಬರುತ್ತಿದ್ದುದು ಅದೇ ಸಣ್ಣ ಕಂತು. ಆದರೂ ಅವರು ಬಂಡವಾಳ ಹೂಡಿದ್ದು ಹೇಗೆ? ಚಾಮಾ ಕಟ್ಟಿಕೊಂಡು. ನಮ್ಮ ಕಡೆಯ ಚೀಟಿಯ ರೀತಿಯಲ್ಲೇ ಹತ್ತೋ ಹದಿನೈದೋ ಜನ ಸೇರಿ, ಪ್ರತಿ ತಿಂಗಳೂ ಹಣ ಹಾಕಿ, ಸರದಿಯ ಪ್ರಕಾರ ಒಬ್ಬೊಬ್ಬರು ಪೂರ್ತಿ ಮೊತ್ತ ಎತ್ತುವ ಕೂಟ ಅದು. ಎಲ್ಲರ ಕಂತೂ ಒಂದೇ ಸಮಯಕ್ಕೆ ಬರುತ್ತದೆ, ಮುಂದಿನ ವರ್ಷವೂ ಬರುತ್ತದೆ ಎಂಬ ನಂಬಿಕೆ ಇದ್ದಾಗ ಕೊನೆಯ ಸರದಿಯವರಿಗೂ ಭಯವಿರುವುದಿಲ್ಲ. ಹಣ ಎರಡು ವರ್ಷಕ್ಕೆ ನಿಲ್ಲುತ್ತದೆ ಎಂದು ಗೊತ್ತಿದ್ದರೆ ಅಂಥ ಸರದಿಗೆ ಕೂರಲು ಯಾರು ಧೈರ್ಯ ಮಾಡುತ್ತಾರೆ? ನಮ್ಮ ಗ್ರಾಹಕರಲ್ಲಿ ಹೆಂಗಸರು ಹೆಚ್ಚಾಗಿ ತಗಡು ಕೊಳ್ಳುವುದು ಚಾಮಾದ ಸರದಿ ಬಂದ ತಿಂಗಳಲ್ಲೇ.

ಸಮುದಾಯ ಆರೋಗ್ಯ ಶುಶ್ರೂಷಕಿ, ರಾಯಚೂರು

ಎಲ್ಲರೂ ತಗಡು, ವ್ಯಾಪಾರ ಎನ್ನುತ್ತಿದ್ದೀರಿ. ಮಕ್ಕಳ ವಿಷಯಕ್ಕೆ ಬನ್ನಿ. ಸಿಯಾಯಾದ ಬಗ್ಗೆ 2025ರಲ್ಲಿ ಹೊರಬಂದ ಅಧ್ಯಯನ ನನ್ನನ್ನು ಬಹಳ ಕಾಡಿದೆ. ಇಡಿಗಂಟು ಪಡೆದ ಮನೆಗಳಲ್ಲಿ ಒಂದು ವರ್ಷ ತುಂಬುವ ಮೊದಲೇ ಸಾಯುವ ಶಿಶುಗಳ ಪ್ರಮಾಣ ಸುಮಾರು ಅರ್ಧಕ್ಕೆ, ಅಂದರೆ ಶೇ 48ರಷ್ಟು ಇಳಿಯಿತು. ಐದು ವರ್ಷದೊಳಗಿನ ಮಕ್ಕಳ ಸಾವು ಶೇ 45ರಷ್ಟು ಇಳಿಯಿತು. ಹೆರಿಗೆಯ ಆಸುಪಾಸಿನಲ್ಲಿ ಹಣ ಕೈಸೇರಿದವರಲ್ಲಿ ಪರಿಣಾಮ ಹೆಚ್ಚು.

ಕಾರಣಗಳನ್ನು ಓದಿದಾಗ ನನಗೆ ನಾನು ದಿನವೂ ನೋಡುವ ಬಾಣಂತಿಯರ ಮುಖಗಳೇ ಎದುರಿಗೆ ಬಂದವು. ಗರ್ಭಿಣಿಯರು ಕೊನೆಯ ತಿಂಗಳುಗಳಲ್ಲಿ ಮತ್ತು ಹೆರಿಗೆಯಾದ ಹೊಸತರಲ್ಲಿ ಹೊಲದ ದುಡಿಮೆಯನ್ನು ಬಹಳಷ್ಟು ಕಡಿಮೆ ಮಾಡಿದರು. ಆಸ್ಪತ್ರೆಯಲ್ಲಿ ಹೆರಿಗೆ ಹೆಚ್ಚಿತು. ತಾಯಿಯ ಹೊಟ್ಟೆಗೆ ಊಟ ಬಿತ್ತು. ರಾತ್ರಿ ಹೆರಿಗೆ ನೋವು ಬಂದಾಗ ಬಾಡಿಗೆ ಬೈಕಿನವನಿಗೆ ಕೊಡಲು ಕೈಯಲ್ಲಿ ಹಣವಿದೆಯೇ ಎಂಬ ಒಂದೇ ಪ್ರಶ್ನೆಯ ಮೇಲೆ ಎಷ್ಟು ಜೀವಗಳು ನಿಂತಿರುತ್ತವೆ ಎಂಬುದು ಈ ಕೆಲಸದಲ್ಲಿರುವ ಯಾರಿಗಾದರೂ ಗೊತ್ತು. ಹೀಗಾಗಿ ಹೆಣ್ಣುಮಗಳೊಬ್ಬಳು ಎರಡು ತಿಂಗಳು ದುಡಿಮೆ ಬಿಟ್ಟು ಮನೆಯಲ್ಲಿ ಕುಳಿತದ್ದನ್ನು ನಾನು ಸೋಮಾರಿತನವೆಂದು ಒಪ್ಪುವುದಿಲ್ಲ, ದಾವಣಗೆರೆ ಸರ್ ಅವರು ಕ್ಷಮಿಸಬೇಕು.

ಆದರೆ ಆ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ. ವೈದ್ಯರಿರುವ ಆಸ್ಪತ್ರೆ ಹತ್ತಿರವಿದ್ದ ಮನೆಗಳಲ್ಲಿ ಮಾತ್ರ ಲಾಭ ಎದ್ದು ಕಾಣುವಷ್ಟಿತ್ತು. ಆಸ್ಪತ್ರೆ ದೂರವಿದ್ದ ಕಡೆ ಹಣಕ್ಕೆ ಹೋಗಲು ದಾರಿಯೇ ಇರಲಿಲ್ಲ. ಪೂರ್ವ ಆಫ್ರಿಕಾದ ರುವಾಂಡಾದಲ್ಲಿ ಪೌಷ್ಟಿಕತೆಯ ಕಾರ್ಯಕ್ರಮವೊಂದನ್ನೂ ಅದಕ್ಕೆ ತಗಲುವಷ್ಟೇ ನಗದನ್ನೂ ಹೋಲಿಸಿ ನೋಡಿದಾಗ ಎರಡರಿಂದಲೂ ಸುಮಾರು ಒಂದು ವರ್ಷದಲ್ಲಿ ಮಕ್ಕಳ ಬೆಳವಣಿಗೆ ಹೇಳಿಕೊಳ್ಳುವಂತೆ ಬದಲಾಗಲಿಲ್ಲ. 500 ಡಾಲರಿಗೂ ಮೇಲ್ಪಟ್ಟ ದೊಡ್ಡ ಮೊತ್ತ ಕೊಟ್ಟ ಮನೆಗಳಲ್ಲಿ ಸುಧಾರಣೆ ಕಂಡಿತು. ಮೊತ್ತ ತೀರಾ ಸಣ್ಣದಾದರೆ ಮಗುವಿನ ಮೈಗೆ ಹತ್ತುವುದಿಲ್ಲ.

ರೈತ, ಹಾವೇರಿ

ನನಗೆ ಎರಡು ಅನುಮಾನಗಳಿವೆ. ಊರಿನ ಎಲ್ಲರ ಕೈಗೂ ಹಣ ಬಂದರೆ ಅಂಗಡಿಯವನು ಬೆಲೆ ಏರಿಸುವುದಿಲ್ಲವೇ? ಇನ್ನು, ಹುಲ್ಲಿನ ಮನೆಯವನಿಗೆ ಕೊಟ್ಟು, ನಿನ್ನೆ ಸಾಲ ಮಾಡಿ ತಗಡು ಹಾಕಿಸಿದ ಪಕ್ಕದ ಮನೆಯವನಿಗೆ ಕೊಡದಿದ್ದರೆ ಓಣಿಯಲ್ಲಿ ನೆಮ್ಮದಿ ಉಳಿಯುತ್ತದೆಯೇ?

ಅರ್ಥಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಬೆಲೆಯ ಪ್ರಶ್ನೆಗೆ 2014ರಿಂದ 2017ರವರೆಗೆ ಸಿಯಾಯಾದ 653 ಹಳ್ಳಿಗಳಲ್ಲಿ ನಡೆದ ಪ್ರಯೋಗ ಉತ್ತರ ಕೊಡುತ್ತದೆ. 10,500ಕ್ಕೂ ಹೆಚ್ಚು ಕುಟುಂಬಗಳಿಗೆ ತಲಾ ಸುಮಾರು 1,000 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 65 ಸಾವಿರ ರೂಪಾಯಿ, ಕೊಡಲಾಯಿತು. ಹಣ ಹೆಚ್ಚು ಹರಿದ ಅವಧಿಯಲ್ಲಿ ಅದು ಆ ಹಳ್ಳಿಗಳ ಒಟ್ಟು ವಾರ್ಷಿಕ ಉತ್ಪನ್ನದ ಶೇ 15ರಷ್ಟಿತ್ತು. ಸಂಶೋಧಕರು ಸಂತೆ ಸಂತೆಗೆ ಹೋಗಿ ಬೆಲೆಗಳನ್ನು ಬರೆದುಕೊಂಡರು. ಸರಾಸರಿ ಏರಿಕೆ ಶೇ 0.1ರಷ್ಟು ಮಾತ್ರ. ಬಂದ ಪ್ರತಿ ಒಂದು ಡಾಲರ್ ಕೈಯಿಂದ ಕೈಗೆ ತಿರುಗಿ ಸುಮಾರು ಎರಡೂವರೆ ಡಾಲರಿನ ಸ್ಥಳೀಯ ಚಟುವಟಿಕೆಯಾಯಿತು, ಹಣ ಪಡೆಯದ ಮನೆಗಳ ಖರ್ಚಿನ ಶಕ್ತಿಯೂ ಏರಿತು. ಎಡ್ವರ್ಡ್ ಮಿಗೆಲ್ ಮತ್ತು ಸಂಗಡಿಗರ ಈ ಅಧ್ಯಯನ 2022ರಲ್ಲಿ ಪ್ರಕಟವಾಯಿತು.

ಕಾರಣ ಹಳ್ಳಿಯ ಅಂಗಡಿಗಳಲ್ಲೇ ಇದೆ. ಹಿಟ್ಟಿನ ಗಿರಣಿಯವನು ದಿನದ ಅರ್ಧ ಹೊತ್ತು ಗಿರಾಕಿಯಿಲ್ಲದೆ ಕುಳಿತಿರುತ್ತಾನೆ, ದರ್ಜಿಯ ಯಂತ್ರ ಸುಮ್ಮನಿರುತ್ತದೆ. ಗಿರಾಕಿ ಹೆಚ್ಚಿದರೆ ಅವರು ಬೆಲೆ ಏರಿಸುವ ಬದಲು ಹೆಚ್ಚು ಹೊತ್ತು ಕೆಲಸ ಮಾಡುತ್ತಾರೆ. ಎಲ್ಲ ಕಡೆಯೂ ಹೀಗೇ ಆಗುತ್ತದೆಂದು ಹೇಳಲಾಗದು. ಸರಕು ಒಳಬರಲು ರಸ್ತೆಯೇ ಇಲ್ಲದ ಊರಿನಲ್ಲಿ ನಿಮ್ಮ ಅನುಮಾನ ನಿಜವಾಗಬಹುದು.

ಕಿಸುಮು ಕನ್ನಡಿಗ

ಎರಡನೆಯ ಅನುಮಾನಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಅದು ನಿಜ. ಅಸೂಯೆ ಹುಟ್ಟುತ್ತದೆ. ನೆರೆಯವರ ಸಿರಿ ಏರಿದಾಗ ಹಣ ಪಡೆಯದವರ ಮನಸ್ಸಿನ ತೃಪ್ತಿ ಇಳಿಯುವುದನ್ನು ರಾರಿಯೆಡಾದ ಸಂಶೋಧಕರೇ ದಾಖಲಿಸಿದ್ದಾರೆ. ಮಾಡನ್ನು ನೋಡಿ ಆಯ್ಕೆ ಮಾಡುವುದು ಕಚೇರಿಯಲ್ಲಿ ಕುಳಿತವರಿಗೆ ಸುಲಭ. ಕೂಡಿಟ್ಟು ಕೂಡಿಟ್ಟು ತಗಡು ಹಾಕಿಸಿದ ವಿಧವೆಗೆ ಅದು ಶಿಕ್ಷೆಯಂತೆ ಕಾಣುತ್ತದೆ. ಹಳ್ಳಿಯ ಎಲ್ಲರಿಗೂ ಕೊಡುವ ಕ್ರಮ ಈ ದೃಷ್ಟಿಯಿಂದ ಮೇಲು, ಖರ್ಚು ಹೆಚ್ಚಾದರೂ.

ಹಣವನ್ನು ಬೇಡವೆಂದವರೂ ಇದ್ದಾರೆ ಎಂದರೆ ನೀವು ನಂಬಬೇಕು. ನಮ್ಮ ದಕ್ಷಿಣಕ್ಕಿರುವ ಹೋಮಾ ಬೇ ಕೌಂಟಿಯಲ್ಲಿ 2015ರಲ್ಲಿ ಅರ್ಹರಲ್ಲಿ ಶೇ 45ರಷ್ಟು ಮಂದಿ ನಿರಾಕರಿಸಿದರು. ಪುಕ್ಕಟೆ ಹಣದ ಹಿಂದೆ ಸೈತಾನನ ಪೂಜೆ ಮಾಡುವವರಿದ್ದಾರೆ ಎಂಬ ಸುದ್ದಿ ಹರಡಿತ್ತು. ಓದಿದವರು ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಹೊರಗಿನವರು ಬಂದು ಮಾತು ಕೊಟ್ಟು ಮರೆಯಾದದ್ದನ್ನು ಹಲವು ಬಾರಿ ಕಂಡ ಜನ, ಏನನ್ನೂ ಕೇಳದೆ ಒಂದು ವರ್ಷದ ಸಂಸಾರದ ಖರ್ಚಿನಷ್ಟು ಹಣ ಕೊಡುತ್ತೇನೆ ಎನ್ನುವವರನ್ನು ಏಕೆ ನಂಬಬೇಕು?

ಕಳ್ಳತನವೂ ಆಗಿದೆ. ಕಾಂಗೋದ ದಕ್ಷಿಣ ಕಿವು ಪ್ರಾಂತ್ಯದಲ್ಲಿ ಸಂಸ್ಥೆಯ ಒಳಗಿನವರೇ ಸೇರಿ ಸುಮಾರು ಒಂಬತ್ತು ಲಕ್ಷ ಡಾಲರ್ ಲಪಟಾಯಿಸಿದ್ದು 2023ರಲ್ಲಿ ಬಹಿರಂಗವಾಯಿತು, ಸಂಸ್ಥೆಯೇ ಅದನ್ನು ಒಪ್ಪಿಕೊಂಡು ಪ್ರಕಟಿಸಿತು. ಯುದ್ಧದ ಭೀತಿಯಲ್ಲಿದ್ದ ಬಡವರ ಪಾಲಿನ ಹಣ ಅದು. ಫೋನಿಗೆ ನೇರ ಹೋಗುತ್ತದೆ ಎಂದ ಮಾತ್ರಕ್ಕೆ ಸೋರಿಕೆ ಇಲ್ಲವೆಂದು ಯಾರೂ ಹೇಳಬಾರದು.

ಮನೆಯೊಳಗಿನ ನೆಮ್ಮದಿಯ ಬಗ್ಗೆ ಮಾತ್ರ ಸಮಾಧಾನದ ಸಂಗತಿಯಿದೆ. ರಾರಿಯೆಡಾದಲ್ಲಿ ಹಣ ಗಂಡನಿಗೆ ಬಂದರೂ ಹೆಂಡತಿಗೆ ಬಂದರೂ ಹೊಡೆತ ಬಡಿತ ಕಡಿಮೆಯಾಯಿತು. ತಿಂಗಳ ಕೊನೆಯ ಜಗಳದ ಮೂಲ ಎಲ್ಲಿರುತ್ತದೆ ಎಂಬುದನ್ನು ಸಂಸಾರಸ್ಥರಿಗೆ ವಿವರಿಸಬೇಕಿಲ್ಲ.

ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ

ರಾಯಚೂರಿನ ತಂಗಿ ಕ್ಷಮೆ ಕೇಳುವ ಅಗತ್ಯವೇ ಇಲ್ಲ. ಶಿಶುಗಳ ಅಂಕಿಅಂಶ ಓದಿದ ಮೇಲೆ ಕುಡಿತದ ಪ್ರಶ್ನೆಯನ್ನು ನಾನು ಪಕ್ಕಕ್ಕಿಡುತ್ತೇನೆ. ಬ್ಯಾಂಕಿನವನ ಪ್ರಶ್ನೆ ಒಂದು ಉಳಿದಿದೆ. ಸಾಲ ಕೊಟ್ಟಾಗ ನಾವು ಐದು ವರ್ಷದ ನಂತರ ಆ ಆಸ್ತಿ ಇದೆಯೇ ಎಂದು ನೋಡುತ್ತಿದ್ದೆವು. ಇಲ್ಲಿ ಐದು, ಹತ್ತು ವರ್ಷದ ನಂತರ ಏನು ಉಳಿಯುತ್ತದೆ?

ಅರ್ಥಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಈ ಕಡೆ ಚಿತ್ರ ಅಷ್ಟು ಹೊಳಪಾಗಿಲ್ಲ, ಸರ್. ಉತ್ತರ ಉಗಾಂಡಾದಲ್ಲಿ ಯುವಜನರ ಗುಂಪುಗಳಿಗೆ ತಲಾ ಸುಮಾರು 380 ಡಾಲರ್ ಲೆಕ್ಕದಲ್ಲಿ ಕಸುಬು ಕಲಿಯಲು, ಉಪಕರಣ ಕೊಳ್ಳಲು ಸರ್ಕಾರ ಅನುದಾನ ಕೊಟ್ಟಿತ್ತು. ನಾಲ್ಕು ವರ್ಷದ ನಂತರ ಅವರ ಗಳಿಕೆ ಉಳಿದವರಿಗಿಂತ ಶೇ 38ರಷ್ಟು ಹೆಚ್ಚಿತ್ತು. ಒಂಬತ್ತು ವರ್ಷದ ನಂತರ ಕ್ರಿಸ್ಟೋಫರ್ ಬ್ಲಾಟ್‌ಮನ್ ಮತ್ತು ಸಂಗಡಿಗರು ಮತ್ತೆ ಹೋಗಿ ನೋಡಿದಾಗ ಗಳಿಕೆಯ ಅಂತರ ಮಾಯವಾಗಿತ್ತು. ಅನುದಾನ ಸಿಗದವರೂ ನಿಧಾನವಾಗಿ ಅದೇ ಮಟ್ಟಕ್ಕೆ ಬಂದಿದ್ದರು. ಆಸ್ತಿಯಲ್ಲಿ ಒಂದಿಷ್ಟು ಅಂತರ ಉಳಿದಿತ್ತು. ಹಣ ಅವರನ್ನು ಕೆಲವು ವರ್ಷ ಮುಂಚೆ ಮೇಲಕ್ಕೆತ್ತಿತು ಎನ್ನಬಹುದು. ಬಡತನದಲ್ಲಿ ಕಳೆಯಬೇಕಾಗಿದ್ದ ಆ ವರ್ಷಗಳು ತಪ್ಪಿದ್ದು ಸಣ್ಣದಲ್ಲ ಎಂಬುದು ನನ್ನ ಅಭಿಪ್ರಾಯ, ಅದರಲ್ಲೂ ಆ ವರ್ಷಗಳಲ್ಲಿ ಮನೆಯಲ್ಲಿ ಮಗು ಹುಟ್ಟಿದ್ದರೆ.

ಕಿಸುಮು ಕನ್ನಡಿಗ

ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ದಾನಿಗಳ ಇಡಿಗಂಟು ಒಮ್ಮೆ ಬಂದು ಹೋಗುತ್ತದೆ. ವರ್ಷ ವರ್ಷವೂ ಉಳಿಯುವಂಥದ್ದು ಸರ್ಕಾರದ ಹಣ. ಕೆನ್ಯಾ ಸರ್ಕಾರ 2004ರಲ್ಲಿ ಅನಾಥ ಮಕ್ಕಳನ್ನು ಸಾಕುವ ಮನೆಗಳಿಗೆ ನಗದು ಕೊಡಲು ಆರಂಭಿಸಿತು. ಏಡ್ಸ್‌ನಿಂದ ತಂದೆತಾಯಿ ಸತ್ತು, ಅಜ್ಜಿಯರು ಮೊಮ್ಮಕ್ಕಳನ್ನು ಸಾಕುತ್ತಿದ್ದ ಕಾಲ ಅದು. ಈ ಸರೋವರದ ಸುತ್ತಲಿನ ಲುವೋ ಜನರ ಊರುಗಳು ಅದರಲ್ಲಿ ಬಹಳ ನೊಂದವು. ಈಗ ಇನುವಾ ಜಮಿ ಎಂಬ ಹೆಸರಿನಲ್ಲಿ ಆ ಮನೆಗಳಿಗೂ, 70 ದಾಟಿದ ವೃದ್ಧರಿಗೂ, ತೀವ್ರ ಅಂಗವೈಕಲ್ಯ ಇರುವವರಿಗೂ ತಿಂಗಳಿಗೆ 2,000 ಶಿಲಿಂಗ್ ಸಿಗುತ್ತದೆ. ಮೊತ್ತ ಸಣ್ಣದು, ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಕಂತು ಹಲವು ಬಾರಿ ತಡವಾಗುತ್ತದೆ. ತಡವಾಗುವ ಕಂತಿನ ಮೇಲೆ ಚಾಮಾ ಕಟ್ಟಲಾಗದು, ಅಂಗಡಿಯವನು ಉದ್ರಿ ಕೊಡುವುದಿಲ್ಲ, ಶಾಲೆಯ ಶುಲ್ಕಕ್ಕೆ ಮಾತು ಕೊಡಲಾಗದು. ಗೃಹಲಕ್ಷ್ಮಿಯ 2,000 ರೂಪಾಯಿಯ ಬಗ್ಗೆ ನಮ್ಮ ಚರ್ಚೆ ಹಣ ಕೊಡಬೇಕೇ ಎಂಬಲ್ಲೇ ನಿಂತಿದೆ. ಯಾವ ತಾರೀಕಿಗೆ ಬರುತ್ತದೆ ಎಂದು ಮನೆಯೊಡತಿಗೆ ಖಚಿತವಾಗಿ ಗೊತ್ತಿರುವುದು ಅಷ್ಟೇ ದೊಡ್ಡ ವಿಷಯ.

12 ವರ್ಷದ ಹಳ್ಳಿಗಳಲ್ಲಿ ಹಣ 2030ರ ಸುಮಾರಿಗೆ ನಿಲ್ಲಬೇಕು. ಮಗ ಪ್ರಾಥಮಿಕ ಶಾಲೆಗೆ ಸೇರಿದಾಗ ಕಂತು ಆರಂಭವಾದ ಮನೆಯಲ್ಲಿ ಅವನು ಪ್ರೌಢಶಾಲೆ ಮುಗಿಸುವ ಹೊತ್ತಿಗೆ ಅದು ಮುಗಿಯುತ್ತದೆ. ಕಂತು ನಿಂತ ಮೇಲೂ ಆ ಚಾಮಾಗಳು ನಡೆಯುತ್ತವೆಯೇ, ಆಗ ತೆರೆದ ಗೂಡಂಗಡಿಗಳು ತೆರೆದಿರುತ್ತವೆಯೇ ಎಂಬುದನ್ನು ನಾನು ಇಲ್ಲಿಯೇ ಇದ್ದರೆ ಹೋಗಿ ನೋಡುತ್ತೇನೆ. ದಾವಣಗೆರೆಯ ಹಿರಿಯರೇ, ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುವುದು ಆ ಹಳ್ಳಿಗಳಲ್ಲೇ.